ಬುಧವಾರ ಒತ್ತಿದ ಬೆರಳು

"ಯಂತ್ರ ಒತ್ತಿರಬಹುದಲ್ಲ, ಮ್ಯಾಮ್?"

ಮಿಲ್ಯೋ ಈ ಪ್ರಶ್ನೆ ಕೇಳುತ್ತಿರುವುದು ಇದು ಮೂರನೆಯ ಸಲ. ದೊರೋತೆಯಾ ಮ್ಯಾಮ್ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ಯಂತ್ರಕ್ಕೆ ಬೆರಳಿದ್ಯಾ, ನೊಂಗ್?" ಆ ಊರಿನಲ್ಲಿ ಹಿರಿಯ ಗಂಡಸರನ್ನು ಗೌರವದಿಂದ ಕರೆಯುವುದು ಹಾಗೆ.

"ಈಗಿನ ಕಾಲದಲ್ಲಿ ಯಾವುದಕ್ಕೆ ಏನೇನಿದೆ ಅಂತ ಯಾರಿಗೆ ಗೊತ್ತು? ಇಮೇಲ್ ಬಂದ ತಕ್ಷಣ ಅದರೊಳಗಿನ ಕೊಂಡಿಗಳನ್ನೆಲ್ಲ ಯಂತ್ರವೇ ತೆರೆದು ನೋಡುತ್ತಂತಲ್ಲ. ವಿಷ ಇದೆಯೋ ಇಲ್ಲವೋ ಅಂತ."

"ನೋಡುತ್ತೆ. ಅದೂ ನನಗೆ ಗೊತ್ತು. ಕೊಂಡಿ ತೆರೆದ್ರೆ ಒಂದು ಪುಟ ಬರುತ್ತೆ. ಆ ಪುಟದಲ್ಲಿ ಒಂದೇ ಒಂದು ಬಟನ್. 'ನನ್ನ ಹೆಸರು ತೆಗೆಯಿರಿ.' ಯಂತ್ರ ಪುಟ ನೋಡಿ ಹೊರಟುಹೋಗುತ್ತೆ. ಬಟನ್ ಒತ್ತೋದು ಮನುಷ್ಯರು ಮಾತ್ರ. ಹಾಗಂತಲೇ ಮಾಡಿಸಿದ್ದು."

ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಆಕೆ ನೋಟ್‌ಬುಕ್ಕನ್ನು ಮಿಲ್ಯೋನ ಕಡೆ ತಳ್ಳಿದರು. ಅದರಲ್ಲಿ ಅವರದೇ ದುಂಡಗಿನ ಅಕ್ಷರದಲ್ಲಿ ಒಂದು ಸಾಲು: ಕ್ಲಾರಿತಾ, ಬುಧವಾರ, ಬೆಳಿಗ್ಗೆ ಹತ್ತು ಇಪ್ಪತ್ತು.

ಹದಿನಾಲ್ಕು ತಿಂಗಳ ಹಿಂದೆ ಸಿಕಿಹೋರ್ ದ್ವೀಪದಿಂದ ಅವರ ಊರು ದುಮಗೆತೆಗೆ ಬರುತ್ತಿದ್ದ ದೋಣಿ ಮಗುಚಿದಾಗ ಸಿಗದೇ ಹೋದ ಮೂವರಲ್ಲಿ ದರ್ಜಿ ಕ್ಲಾರಿತಾ ಒಬ್ಬಳು. ಅವಳ ಅಳತೆ ಟೇಪಿದ್ದ ಚೀಲ ಮಾತ್ರ ದಡಕ್ಕೆ ಬಂದಿತ್ತು. ಇಗರ್ಜಿಯಲ್ಲಿ ಪೂಜೆ ಮುಗಿದಿತ್ತು. ಸತ್ತಳೆಂದು ಸರ್ಕಾರದ ಕಾಗದವೂ ಬಂದಿತ್ತು.

ಅಂಥವಳು ಕಳೆದ ಬುಧವಾರ, ಯಾರೋ ಹೊಸ್ತಿಲು ದಾಟಿ ಮೆಲ್ಲಗೆ ಬಾಗಿಲು ಎಳೆದುಕೊಂಡು ಹೋದ ಹಾಗೆ, ದೊರೋತೆಯಾ ಮ್ಯಾಮ್‌ರ ಶನಿವಾರದ ಇಮೇಲ್ ಪತ್ರದ ಪಟ್ಟಿಯಿಂದ ತನ್ನ ಹೆಸರು ತೆಗೆಸಿಕೊಂಡಿದ್ದಳು.

ಮಿಲ್ಯೋ, ಅಂದರೆ ಎಮಿಲಿಯೊ ಅರಾನಾಸ್, ಮೂವತ್ತೊಂದು ವರ್ಷ ಅಂಚೆಯಲ್ಲಿದ್ದವನು. ಕೊನೆಯ ಒಂಬತ್ತು ವರ್ಷ, ವಿಳಾಸದಾರರು ಸಿಗದ ಪತ್ರಗಳು ಬಂದು ಬೀಳುವ ಕೋಣೆಯಲ್ಲಿ ಒಬ್ಬನೇ ಕೂತು, ಯಾರ ಪತ್ರ ಯಾರಿಗೆ ಸೇರಬೇಕೆಂದು ಹುಡುಕಿ ಹುಡುಕಿ ತಲುಪಿಸಿದ್ದ. ನಿವೃತ್ತಿಯಾದ ಮೇಲೆ ಅವನು ಮಾಡುವುದು ಹೆಚ್ಚುಕಡಿಮೆ ಅದೇ ಕೆಲಸ. ಈಗ ಪತ್ರದ ಬದಲು ಮನುಷ್ಯರು.

"ಒತ್ತಿದವರು ಎಲ್ಲಿದ್ದರು, ಯಾವ ಫೋನಿಂದ, ಅದೆಲ್ಲ ಗೊತ್ತಾಗುತ್ತಲ್ಲ ಮ್ಯಾಮ್?"

"ಗೊತ್ತಾಗೋ ಹಾಗೆ ಮಾಡಬಹುದಂತೆ. ನಾನು ಬೇಡ ಅಂದೆ. ದಿನ, ಗಂಟೆ, ಎರಡೇ."

"ಇದ್ದಿದ್ದರೆ ಕೊಡ್ತಿದ್ದಿರಾ?"

"ಇಲ್ಲ."

ಉತ್ತರ ಎಷ್ಟು ಬೇಗ ಬಂತೆಂದರೆ ಮಿಲ್ಯೋಗೆ ನಗು ಬಂತು. ಮ್ಯಾಮ್ ನಗಲಿಲ್ಲ. ಅವರು ಇಪ್ಪತ್ತೆಂಟು ವರ್ಷ ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ಅಡುಗೆ, ಹೊಲಿಗೆ ಕಲಿಸಿದವರು. ಈಗ ಪ್ರತಿ ಶನಿವಾರ ಬೆಳಿಗ್ಗೆ ಏಳಕ್ಕೆ ಎರಡು ಸಾವಿರ ಮನೆಗಳಿಗೆ ಇಮೇಲಿನಲ್ಲಿ ಒಂದು ಪತ್ರ ಕಳಿಸುತ್ತಾರೆ. ಒಂದು ಅಡುಗೆ, ಒಂದಿಷ್ಟು ಮಾತು. ಊರು ಬಿಟ್ಟು ದುಬೈಗೆ, ಹಾಂಗ್‌ಕಾಂಗ್‌ಗೆ ಹೋದ ಹೆಣ್ಣುಮಕ್ಕಳೂ ಅದನ್ನು ಓದುತ್ತಾರೆ.

"ಕೂತ್ಕೊಳ್ಳಿ, ಹೇಳ್ತೀನಿ. ಮೊದಲು ನನ್ನ ಪಟ್ಟಿಯಿಂದ ಹೊರಗೆ ಹೋಗೋದು ಅಂದ್ರೆ ಜೈಲಿಂದ ಹೋದ ಹಾಗಿತ್ತು. ಪಾಸ್‌ವರ್ಡ್ ಹಾಕಬೇಕು. 'ಯಾಕೆ ಹೋಗ್ತೀರಿ' ಅನ್ನೋ ಪ್ರಶ್ನೆಗೆ ಉತ್ತರ ಕೊಡಬೇಕು. ಆಮೇಲೆ ಅಳೋ ನಾಯಿಮರಿ ಚಿತ್ರ, 'ನಮ್ಮನ್ನ ಬಿಟ್ಟು ಹೋಗ್ತೀರಾ' ಅಂತ. ನನಗೆ ಅದು ಚೆನ್ನಾಗಿದೆ ಅನ್ನಿಸ್ತಿತ್ತು. ನಾಚಿಕೆ ಆಗುತ್ತೆ ಈಗ."

"ಏನಾಯ್ತು?"

"ಸಿಯಾತೋನ್‌ನಿಂದ ಒಬ್ಬ ಮುದುಕ ಕಾಗದ ಬರೆದ. ಕೈಯಲ್ಲಿ ಬರೆದ ಕಾಗದ, ನಿಮ್ಮ ಅಂಚೆಯಲ್ಲೇ ಬಂತು. ಅವನ ಹೆಂಡತಿ ಲೂಸಿಂಗ್ ನನ್ನ ಪತ್ರ ಓದೋಳಂತೆ. ತೀರಿಕೊಂಡು ಆರು ತಿಂಗಳಾಗಿತ್ತು. ಪ್ರತಿ ಶನಿವಾರ ಅವಳ ಫೋನಿಗೆ ನನ್ನಿಂದ ಬರೋದು, 'ಪ್ರೀತಿಯ ಲೂಸಿಂಗ್, ಇವತ್ತು ಮನೆಯಲ್ಲಿ ಏನು ಅಡುಗೆ?' ಅಂತ. ಅವನಿಗೆ ಪಾಸ್‌ವರ್ಡ್ ಗೊತ್ತಿಲ್ಲ. ಕಾಗದದಲ್ಲಿ ಬರೆದಿದ್ದು ಇಷ್ಟೇ. 'ಮ್ಯಾಮ್, ನನ್ನ ಹೆಂಡತಿಯನ್ನು ದಯವಿಟ್ಟು ಬಿಟ್ಟುಬಿಡಿ.'"

ಆಕೆ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿದರು.

"ಅದಾದ ಮೇಲೆ ಎಲ್ಲಾ ತೆಗೆಸಿದೆ. ಪತ್ರದ ತಲೆಯಲ್ಲೇ ಕೊಂಡಿ, ಎದ್ದು ಕಾಣೋ ಹಾಗೆ. ಒಂದು ಬಟನ್. ಪಾಸ್‌ವರ್ಡ್ ಇಲ್ಲ, ಪ್ರಶ್ನೆ ಇಲ್ಲ, ನಾಯಿಮರಿ ಇಲ್ಲ. ಮೊದಲನೇ ವಾರವೇ ನೂರಾ ಹದಿಮೂರು ಜನ ಹೋದ್ರು, ನೊಂಗ್! ಎರಡು ದಿನ ಅನ್ನ ಸೇರಲಿಲ್ಲ ನನಗೆ. ಆಮೇಲೆ ಅನ್ನಿಸ್ತು, ಪಾಪ, ಇವರೆಲ್ಲ ನನ್ನ ಮೇಲಿನ ಪ್ರೀತಿಗಲ್ಲ, ಬಾಗಿಲು ಸಿಗದೆ ಕೂತಿದ್ದವರು."

"ಕ್ಲಾರಿತಾ ಹೆಸರು ನೀವೇ ತೆಗೀಬಹುದಿತ್ತಲ್ಲ? ಸತ್ತಳು ಅಂತ ಗೊತ್ತಿದ್ದೂ ಕಳಿಸ್ತಿದ್ರಿ."

"ಕೈ ಬರಲಿಲ್ಲ. ನನ್ನ ಹತ್ತಿರ ಕಾಜಾ ಹೊಲಿಯೋಕೆ ಕಲಿತ ಹುಡುಗಿ ಅವಳು." ಮ್ಯಾಮ್ ಈಗ ನೇರವಾಗಿ ಅವನನ್ನು ನೋಡಿದರು. "ಬುಧವಾರ ಆ ಹೆಸರು ನೋಡಿ ನನ್ನ ಎದೆ ಒಡೆದುಹೋಯ್ತು. ಶುಕ್ರವಾರ ಇಗರ್ಜಿ ಹತ್ತಿರ ಅವಳ ತಾಯಿ ಸಿಕ್ಕಿದ್ಲು, ಬಾಯಿಗೆ ಬಂದುಬಿಡ್ತು. ಅದು ನಾನು ಮಾಡಿದ ತಪ್ಪು. ಹೋಗೋರು ಹೋಗಲಿ, ಹಿಂದೆ ಯಾರೂ ಬರಲ್ಲ ಅಂತ ಎರಡು ಸಾವಿರ ಜನಕ್ಕೆ ಮಾತು ಕೊಟ್ಟಿದ್ದೆ. ಈಗ ನೀವು ನನ್ನ ಅಡುಗೆಮನೇಲಿ ಕೂತಿದ್ದೀರಿ."

"ಬದುಕಿದ್ದಾಳೆ ಅಂದ್ರೆ ಒಳ್ಳೇದೇ ಅಲ್ವಾ, ಮ್ಯಾಮ್?"

"ಬದುಕಿದ್ದೂ ಹದಿನಾಲ್ಕು ತಿಂಗಳು ಮನೆಗೆ ಬಂದಿಲ್ಲ ಅಂದ್ರೆ, ಅವಳು ಯಾರನ್ನ ಬಿಟ್ಟು ಹೋದಳು ಅಂತ ನಿಮಗೆ ಗೊತ್ತಾ? ಅವರ ಕೈ ಹಿಡಿದುಕೊಂಡೇ ಅವಳ ಬಾಗಿಲಿಗೆ ಹೋಗಿ ನಿಲ್ಲಬೇಡಿ. ಅಷ್ಟೇ ನಾನು ಕೇಳೋದು."

ಮಿಲ್ಯೋ ನೋಟ್‌ಬುಕ್ ಮುಚ್ಚಿ ಎದ್ದ. ಅವನ ತಲೆಯಲ್ಲಿ ಆಗಲೇ ಕ್ಲಾರಿತಾಳ ಗಂಡನ ಹೆಸರು ಸುಳಿದಿತ್ತು.

*

ಹಳೆಯ ಗಂಟೆಗೋಪುರದ ಬುಡದಲ್ಲಿ ನಾಂಗ್ ಪುರಿಂಗ್ ಮೇಣದ ಬತ್ತಿಗಳನ್ನು ಬಣ್ಣಬಣ್ಣವಾಗಿ ಬೇರ್ಪಡಿಸುತ್ತಿದ್ದಳು. ಕ್ಲಾರಿತಾಳ ತಾಯಿ, ಊರಿಗೆಲ್ಲ 'ನಾಂಗ್', ಅಂದರೆ ಅಕ್ಕ. ಅರವತ್ತಾರರ ಹೆಂಗಸು, ಕೈ ಚುರುಕು, ಕಣ್ಣು ಇನ್ನೂ ಚುರುಕು. ಮಗಳನ್ನು ಹುಡುಕಿಕೊಡು ಎಂದು ಮಿಲ್ಯೋನ ಮನೆಗೆ ನಡೆದುಕೊಂಡು ಬಂದಿದ್ದವಳು ಇವಳೇ.

"ಕೂತ್ಕೋ ಮಿಲ್ಯೋ. ಬಿಸಿಲಲ್ಲಿ ಬಂದೆ. ನೀರು ಕುಡಿ." ತನ್ನ ಕೊಡೆಯನ್ನು ಅವನ ತಲೆಯ ಮೇಲೆ ಬರುವಂತೆ ವಾಲಿಸಿದಳು. "ನೋಡು, ಕಪ್ಪು ಬತ್ತಿ ಸತ್ತವರಿಗೆ. ಊರವರೆಲ್ಲ ಹಚ್ಚು ಹಚ್ಚು ಅಂದ್ರು. ನಾನು ಒಂದು ದಿನವೂ ನನ್ನ ಮಗಳಿಗೆ ಕಪ್ಪು ಹಚ್ಚಲಿಲ್ಲ. ಬದುಕಿರೋರು ಮರಳಿ ಬರಲಿ ಅಂತ ಹಚ್ಚೋ ಹಳದಿನೇ ಹಚ್ಚಿದೆ. ಬಂದ್ಲೋ ಇಲ್ವೋ?"

"ಬಂದಿಲ್ಲ, ನಾಂಗ್. ಒಂದು ಬಟನ್ ಒತ್ತಿದಾರೆ ಯಾರೋ. ಅಷ್ಟೇ ಗೊತ್ತಿರೋದು."

"ಅವಳೇ. ತಾಯಿಗೆ ಗೊತ್ತಾಗಲ್ವಾ?" ಹತ್ತಿರ ಬಂದ ಗಿರಾಕಿಗೆ ಎರಡು ಕೆಂಪು ಬತ್ತಿ ಕೊಟ್ಟು ಕಳಿಸಿ, ಮತ್ತೆ ಅದೇ ದನಿಯಲ್ಲಿ ಮುಂದುವರಿಸಿದಳು. "ಚಿಕ್ಕಂದಿನಿಂದ ನನ್ನ ಕೇಳದೆ ಹೊಸ್ತಿಲು ದಾಟಿದವಳಲ್ಲ. ಮದುವೆಯಾದ ಮೇಲೂ ದಿನಾ ಬೆಳಿಗ್ಗೆ ಇಲ್ಲಿಗೆ ಬಂದು, ಈ ಮಣೆ ಮೇಲೆ ಕೂತು, ರಾತ್ರಿ ಏನು ತಿಂದ್ಲು, ಯಾರ ಬಟ್ಟೆ ಹೊಲಿದ್ಲು, ಎಲ್ಲಾ ಹೇಳಿ ಹೋಗೋಳು. ಒಂದು ದಿನ ತಪ್ಪಿಸಿದ್ರೆ ನಾನೇ ಹೋಗಿ ಬಾಗಿಲು ಬಡೀತಿದ್ದೆ. ಅಂಥ ಮಗಳು."

"ಅಳಿಯನ ಜೊತೆ ಹೇಗಿದ್ಲು?"

ನಾಂಗ್ ಪುರಿಂಗ್ ಬತ್ತಿಯ ಮೇಲಿನ ಧೂಳನ್ನು ಉಫ್ ಎಂದು ಊದಿದಳು.

"ರೆನಾಂತೆ ಒಳ್ಳೇ ಹುಡುಗನೇ. ಮಾತು ಕಮ್ಮಿ. ಮಾತು ಕಮ್ಮಿ ಇರೋರ ಹೊಟ್ಟೇಲಿ ಏನಿರುತ್ತೆ ಅಂತ ದೇವರಿಗೇ ಗೊತ್ತು." ಅವನ ಮಣಿಕಟ್ಟು ಹಿಡಿದಳು. "ಏನು ಸಿಕ್ಕಿದ್ರೂ ಮೊದಲು ನನಗೇ ಹೇಳಬೇಕು. ಅವನಿಗಲ್ಲ, ನನಗೆ. ಮಾತು ಕೊಡು, ಮಿಲ್ಯೋ."

ತಾಯಿಯೊಬ್ಬಳು ಹೀಗೆ ಕೈ ಹಿಡಿದು ಕೇಳಿದರೆ ಇಲ್ಲ ಎನ್ನುವುದು ಹೇಗೆ? ಮಿಲ್ಯೋ ಮಾತು ಕೊಟ್ಟ.

*

ಸಂತೆಯ ಹಿಂದಿನ ಗಲ್ಲಿಯಲ್ಲಿ ರೆನಾಂತೆಯ ಹೊಲಿಗೆ ಯಂತ್ರ ರಿಪೇರಿ ಅಂಗಡಿ. ಅರ್ಧ ಅಂಗಡಿ ಅವನದು. ಇನ್ನರ್ಧದಲ್ಲಿ ಕ್ಲಾರಿತಾಳ ಮೇಜು, ಅವಳ ಕತ್ತರಿ, ಅವಳು ಹೊಲಿಯುತ್ತಿದ್ದ ಸಮವಸ್ತ್ರಗಳ ಕಾಗದದ ಅಚ್ಚುಗಳು ಮೊಳೆಗೆ ತೂಗುಹಾಕಿದ್ದು ಹಾಗೇ ಇದ್ದವು. ಮೂಲೆಯಲ್ಲಿ ಕಸೂತಿ ಬಟ್ಟೆ ಹೊದಿಸಿದ ಹಳೆಯ ಕಂಪ್ಯೂಟರು. ಅದರ ಪೆಟ್ಟಿಗೆಯ ಮೇಲೆ ಒಂದು ಬೂದು ಬೆಕ್ಕು ಸುರುಳಿ ಸುತ್ತಿಕೊಂಡು ಮಲಗಿತ್ತು.

ರೆನಾಂತೆ ತೆಳ್ಳಗಿನ ಮನುಷ್ಯ. ನಲವತ್ತು ದಾಟಿಲ್ಲ, ಆದರೆ ಭುಜ ಆಗಲೇ ಬಾಗಿತ್ತು. ಮಿಲ್ಯೋನಿಗೆ ಸ್ಟೂಲು ಕೊಟ್ಟ. ಕಾಫಿ ಕಲೆಸಿ ತಂದ. ತಾನು ನಿಂತೇ ಇದ್ದ.

"ದೊಂಗ್," ಎಂದ ಮಿಲ್ಯೋ, ತಮ್ಮನನ್ನು ಕರೆಯುವ ಹಾಗೆ ಮೃದುವಾಗಿ, "ದೋಣಿ ಮುಳುಗಿದಾಗ ಪೊಲೀಸರು ಕೇಳಿದ್ರಲ್ಲ, ಕ್ಲಾರಿತಾಳ ಇಮೇಲು ಯಾರಾದ್ರೂ ನೋಡಬಹುದಾ ಅಂತ. ನೀನು ಏನು ಹೇಳಿದೆ?"

"ಆಗಲ್ಲ ಅಂದೆ. ಅವಳ ಫೋನಲ್ಲಿತ್ತು. ಫೋನು ಸಮುದ್ರದಲ್ಲಿದೆ."

"ಆ ಕಂಪ್ಯೂಟರಲ್ಲಿ?"

"ಅದು ಕೆಟ್ಟುಹೋಗಿದೆ, ನೊಂಗ್."

"ಯಾವಾಗಿಂದ?"

"ಆವಾಗಿಂದಲೇ."

ಮಿಲ್ಯೋ ಕಾಫಿಯ ಲೋಟ ಕೆಳಗಿಟ್ಟ. ಎದ್ದು ಹೋಗಿ ಬೆಕ್ಕಿನ ತಲೆ ಸವರಿದ. ಬೆಕ್ಕು ಕಣ್ಣು ಬಿಡಲಿಲ್ಲ, ಗುರ್ ಎಂದಿತು. ಅಂಗೈಯನ್ನು ಮೆಲ್ಲಗೆ ಅದರ ಹೊಟ್ಟೆಯ ಕೆಳಗೆ ತೂರಿಸಿದ.

"ಹೊರಗೆ ಸಮುದ್ರದ ಗಾಳಿ ಬೀಸ್ತಾ ಇದೆ. ಬೆಕ್ಕಿಗೆ ಮಲಗೋಕೆ ಬೆಚ್ಚಗಿನ ಜಾಗ ಬೇಕು. ಕೆಟ್ಟುಹೋದ ಯಂತ್ರ ಇಷ್ಟು ಬಿಸಿ ಇರುತ್ತಾ, ದೊಂಗ್?"

ರೆನಾಂತೆ ಹೊದಿಸಿದ್ದ ಕಸೂತಿ ಬಟ್ಟೆಯ ಅಂಚನ್ನು ಇನ್ನಷ್ಟು ಕೆಳಗೆಳೆದ.

"ನಾನು ಪೊಲೀಸ್ ಅಲ್ಲ," ಎಂದ ಮಿಲ್ಯೋ. "ಆದ್ರೆ ಬುಧವಾರ ಯಾರೋ ಕ್ಲಾರಿತಾಳ ಇಮೇಲ್ ತೆರೆದು, ದೊರೋತೆಯಾ ಮ್ಯಾಮ್‌ರ ಪಟ್ಟಿಯಿಂದ ಅವಳ ಹೆಸರು ತೆಗೆದಿದಾರೆ. ಒಬ್ಬ ತಾಯಿ ಅದನ್ನ ನಂಬಿಕೊಂಡು ಹಳದಿ ಬತ್ತಿ ಹಚ್ಚುತ್ತಿದಾಳೆ. ನೀನು ಒತ್ತಿದ್ದಾದ್ರೆ ಹೇಳಿಬಿಡು. ಆ ಮುದುಕಿಯ ಆಸೆ ಇನ್ನೂ ಬೆಳೆಯೋದು ಬೇಡ."

"ನಾನೇ ಒತ್ತಿದ್ದು."

ಒಂದೇ ಉಸಿರಿನಲ್ಲಿ ಬಂತು ಮಾತು. ಆಮೇಲೆ ಅವನು ಹೆಂಡತಿಯ ಮೇಜಿನ ಮುಂದಿನ ಕುರ್ಚಿಯಲ್ಲಿ ಕುಸಿದು ಕೂತ.

ಮಿಲ್ಯೋ ಬೆಕ್ಕಿನ ಕೆಳಗಿಂದ ಕೈ ತೆಗೆದ. ಹಾಗಾದರೆ ಇಷ್ಟೇ. ಯಾರೂ ಬದುಕಿಲ್ಲ. ದುಃಖದಲ್ಲಿದ್ದ ಒಬ್ಬ ಗಂಡ, ಒಂದು ಬಟನ್. ಸಂಜೆಯೊಳಗೆ ಗೋಪುರದ ಹತ್ತಿರ ಹೋಗಿ ಇದನ್ನು ಹೇಳಬೇಕು. ಹೇಗೆ ಹೇಳುವುದು?

"ಅವಳಿಗೆ ಬಟ್ಟೆಯ ಆರ್ಡರುಗಳು ಇದರಲ್ಲೇ ಬರೋವು," ರೆನಾಂತೆ ಹೇಳುತ್ತಿದ್ದ. "ಅವಳು ಹೋದ ದಿನ ತೆರೆದಿಟ್ಟಿದ್ದು ಹಾಗೇ ಇತ್ತು. ಆರಿಸಿದ್ರೆ ಮತ್ತೆ ಪಾಸ್‌ವರ್ಡ್ ಕೇಳುತ್ತೆ, ನನಗೆ ಗೊತ್ತಿಲ್ಲ. ಅದಕ್ಕೇ ಹದಿನಾಲ್ಕು ತಿಂಗಳಿಂದ ಆರಿಸಿಲ್ಲ. ಕರೆಂಟು ಹೋದ್ರೂ ಆರಬಾರದು ಅಂತ ಎರಡು ಬ್ಯಾಟರಿ ಹಾಕಿದ್ದೀನಿ. ಪೊಲೀಸರಿಗೆ ಹೇಳಿದ್ರೆ ತಗೊಂಡು ಹೋಗ್ತಿದ್ರು. ಅವರು ಆರಿಸಿಬಿಡ್ತಿದ್ರು, ನೊಂಗ್."

"ದಿನಾ ನೋಡ್ತಿದ್ಯಾ?"

"ಶನಿವಾರ ಮಾತ್ರ. ಮ್ಯಾಮ್ ಪತ್ರ ಬರೋ ದಿನ. 'ಪ್ರೀತಿಯ ಕ್ಲಾರಿತಾ' ಅಂತ ಇರುತ್ತಲ್ಲ. ಅದೊಂದು ಸಾಲು ನೋಡೋಕೆ." ಅವನು ಮೂಗು ಒರೆಸಿಕೊಂಡ. "ಮೊನ್ನೆ ಅವಳ ಹುಟ್ಟುಹಬ್ಬ. ಹದಿನೈದು ಅಂಗಡಿಗಳು ಶುಭಾಶಯ ಕಳಿಸಿದ್ವು. ಚಪ್ಪಲಿ ಅಂಗಡಿ, ವಿಮಾನ ಟಿಕೆಟ್ಟಿನವರು, ಒಂದು ಸಾರಿ ಹೋಗಿದ್ದ ಹಲ್ಲಿನ ಡಾಕ್ಟರು. ಮನುಷ್ಯರು ಒಬ್ಬರೂ ನೆನೆಸಿಕೊಳ್ಳಲಿಲ್ಲ. ನನಗೆ ಸಹಿಸೋಕೆ ಆಗಲಿಲ್ಲ. ಎಲ್ಲಾ ಕಡೆಯಿಂದ ಅವಳ ಹೆಸರು ತೆಗೆಸೋಣ ಅಂತ ಕೂತೆ."

"ಆಯ್ತಾ?"

"ಎಲ್ಲಿ ಆಗುತ್ತೆ! ಚಪ್ಪಲಿ ಅಂಗಡಿ ಪಾಸ್‌ವರ್ಡ್ ಕೇಳ್ತು. ಟಿಕೆಟ್ಟಿನವರು 'ನಿಮ್ಮ ಫೋನಿಗೆ ಆರು ಅಂಕಿ ಕಳಿಸಿದ್ದೀವಿ, ನೋಡಿ ಹಾಕಿ' ಅಂದ್ರು. ಸಮುದ್ರದ ತಳದಲ್ಲಿರೋ ಫೋನಿಗೆ! ಇನ್ನೊಬ್ಬರ ಹತ್ತಿರ ಕೊಂಡಿ ಹುಡುಕೋಕೇ ಅರ್ಧ ಗಂಟೆ, ಇರುವೆಯಷ್ಟು ಸಣ್ಣ ಅಕ್ಷರ, ಬಿಳಿ ಮೇಲೆ ಬೂದು ಬಣ್ಣ. ಒತ್ತಿದ್ರೆ 'ಹತ್ತು ದಿನ ಬೇಕು' ಅಂದ್ರು. ಸಂಜೆಯೊಳಗೆ ಅವರಿಂದಲೇ ಮೂರು ಬಂದ್ವು. ಸತ್ತವಳನ್ನ ಯಾರೂ ಬಿಡ್ತಿಲ್ಲ, ನೊಂಗ್. ಕೊನೆಗೆ ಮ್ಯಾಮ್‌ರದು. ಅದು ಸುಲಭ. ಹಿಂದಿನ ವಾರದ ಪತ್ರ ತೆರೆದೆ, ಮೇಲೇ ಇತ್ತು ಕೊಂಡಿ. ಅದನ್ನ ಒತ್ತೋಕೆ ಮೊದಲು ಆ ಸಾಲನ್ನ ಇನ್ನೊಂದು ಸಾರಿ ಓದಿದೆ."

ಮಿಲ್ಯೋ ಅವನ ಬೆನ್ನು ಸವರಿದ. ಕೇಳಲೇಬೇಕಲ್ಲ ಎಂದು ಕೇಳಿದ:

"ಹುಟ್ಟುಹಬ್ಬ ಬುಧವಾರವಾ?"

"ಅಲ್ಲ, ಗುರುವಾರ."

ಬೆನ್ನ ಮೇಲಿದ್ದ ಕೈ ನಿಂತಿತು.

"ನೀನು ಒತ್ತಿದ್ದು ಗುರುವಾರ?"

"ಹೂಂ. ಅದನ್ನೇ ಹೇಳೋಕೆ ಹೊರಟಿದ್ದೆ." ರೆನಾಂತೆ ತಲೆ ಎತ್ತಿದ. ಅವನ ಕಣ್ಣಲ್ಲಿ ಭಯವಿತ್ತು. ಐದು ದಿನಗಳಿಂದ ಯಾರಿಗೂ ಹೇಳಲಾಗದೆ ಹೊತ್ತುಕೊಂಡಿದ್ದ ಭಯ. "ನಾನು ಒತ್ತಿದೆ. ಪುಟ ಬಂತು. ಅದರಲ್ಲಿ ಬರೆದಿತ್ತು, 'ಈ ಹೆಸರು ನಮ್ಮ ಪಟ್ಟಿಯಲ್ಲಿಲ್ಲ. ನಿನ್ನೆಯೇ ಹೊರಟಿದ್ದಾರೆ. ಇಷ್ಟು ದಿನ ಜೊತೆಗಿದ್ದದ್ದಕ್ಕೆ ಪ್ರೀತಿ.' ಅಂತ."

*

ಕಸೂತಿ ಬಟ್ಟೆ ಸರಿಸಿದರು. ಬೆಕ್ಕು ಬೇಸರದಿಂದ ಇಳಿದು ಹೋಯಿತು.

ಪರದೆಯ ಮೇಲೆ ಕ್ಲಾರಿತಾಳ ಇಮೇಲ್ ಪೆಟ್ಟಿಗೆ. ಸಾಲುಸಾಲು ಅಂಗಡಿಗಳು. ಓದದ ಪತ್ರಗಳು ದಪ್ಪ ಅಕ್ಷರದಲ್ಲಿ, ಓದಿದವು ತೆಳು ಅಕ್ಷರದಲ್ಲಿ. ಮಿಲ್ಯೋ ಕನ್ನಡಕ ಏರಿಸಿಕೊಂಡ. ಪತ್ರಗಳ ರಾಶಿ ಅವನಿಗೆ ಹೊಸದಲ್ಲ. ರಾಶಿಯನ್ನು ನೋಡಿದರೆ ಯಾರ ಕೈ ಆಡಿದೆ ಎಂದು ಅವನಿಗೆ ತಿಳಿಯುತ್ತಿತ್ತು.

"ಇವುಗಳಲ್ಲಿ ನೀನು ತೆರೆದಿದ್ದು ಯಾವುವು?"

"ಮ್ಯಾಮ್‌ರದು ಎಲ್ಲಾ. ಅಂಗಡಿಯವು ಗುರುವಾರ ತೆರೆದವು, ಅಷ್ಟೇ."

"ಹಾಗಾದ್ರೆ ಇದು?" ಮಿಲ್ಯೋ ಬೆರಳು ತೋರಿದ. "ಸಿಕಿಹೋರ್ ಇಗರ್ಜಿಯ ಗಾಯಕರ ಗುಂಪು. ಮಾರ್ಚ್ ತಿಂಗಳದ್ದು. 'ನಮ್ಮ ನಿಲುವಂಗಿಗಳು ಹಾಗೇ ಉಳಿದವು, ನಿಮ್ಮ ಆತ್ಮಕ್ಕೆ ಶಾಂತಿ ಸಿಗಲಿ.' ತೆಳು ಅಕ್ಷರ. ಓದಿ ಆಗಿದೆ."

"ನಾನು ಇದನ್ನ ನೋಡೇ ಇಲ್ಲ," ಎಂದ ರೆನಾಂತೆ. ಅವಳು ಕೊನೆಯ ದಿನ ಆ ದ್ವೀಪಕ್ಕೆ ಹೋಗಿದ್ದೇ ಆ ಗಾಯಕರ ಅಳತೆ ತೆಗೆದುಕೊಳ್ಳಲು.

ಇಬ್ಬರೂ ಪರದೆಯನ್ನೇ ನೋಡುತ್ತ ನಿಂತಿದ್ದರು. ಮೇಲಿನ ಸಾಲಿನಲ್ಲಿ ಚಪ್ಪಲಿ ಅಂಗಡಿಯ ಹೊಸ ಪತ್ರವೊಂದು ದಪ್ಪ ಅಕ್ಷರದಲ್ಲಿತ್ತು.

ನೋಡನೋಡುತ್ತಿದ್ದಂತೆ ಅದು ತೆಳುವಾಯಿತು.

ಯಾರೂ ಏನನ್ನೂ ಮುಟ್ಟಿರಲಿಲ್ಲ. ರೆನಾಂತೆಯ ಎರಡೂ ಕೈ ಪಕ್ಕದಲ್ಲಿ ಜೋತುಬಿದ್ದಿದ್ದವು.

"ನೊಂಗ್..."

"ಶ್."

ರೆನಾಂತೆ ಮೌಸಿಗೆ ಕೈ ಹಾಕಿದ. ಮೂರು ಸಲ ಗುರಿ ತಪ್ಪಿತು. ಕೊನೆಗೆ ಆ ಚಪ್ಪಲಿ ಅಂಗಡಿಯ ಪತ್ರವನ್ನು ಹಿಡಿದು, 'ಓದಿಲ್ಲ' ಎಂದು ಗುರುತು ಮಾಡಿದ. ಅಕ್ಷರ ಮತ್ತೆ ದಪ್ಪವಾಯಿತು.

ಕಾದರು. ಗಲ್ಲಿಯಲ್ಲಿ ಒಬ್ಬ ಐಸ್‌ಕ್ರೀಮಿನವನು ಗಂಟೆ ಬಾರಿಸುತ್ತ ಹೋದ.

ಅಕ್ಷರ ತೆಳುವಾಯಿತು.

ರೆನಾಂತೆ ಮತ್ತೆ ದಪ್ಪ ಮಾಡಿದ. ಈ ಸಲ ಎರಡು ಉಸಿರಿನಷ್ಟೂ ಹೊತ್ತಾಗಲಿಲ್ಲ; ಆ ಕಡೆಯವರು ತೆಳು ಮಾಡಿದರು. ಇವನು ದಪ್ಪ ಮಾಡಿದ, ಅವರು ತೆಳು ಮಾಡಿದರು. ಗೋಡೆಯ ಆಚೆ ಈಚೆ ಮಲಗಿದ ಇಬ್ಬರು ಬೆರಳ ಗೆಣ್ಣಿನಿಂದ ಒಬ್ಬರಿಗೊಬ್ಬರು ಟಕ್ ಟಕ್ ಎನ್ನಿಸಿದ ಹಾಗೆ. ರೆನಾಂತೆಯ ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಅವನಿಗೆ ಕೈ ಬಿಡುವಿರಲಿಲ್ಲ. ಅವನು ನಗುತ್ತಲೂ ಇದ್ದ. ಮಿಲ್ಯೋ ಅವನು ನಗುವುದನ್ನು ನೋಡಿದ್ದು ಇದೇ ಮೊದಲು.

ಆಮೇಲೆ ಎಡಗಡೆ, ಕರಡು ಪತ್ರಗಳು ಎಂದಿದ್ದ ಕಡೆ, ಒಂದು ಎಂಬ ಅಂಕಿ ಮೂಡಿತು.

ರೆನಾಂತೆ ತೆರೆದ. ಕಳಿಸದೆ ಹಾಗೇ ಬಿಟ್ಟ ಪತ್ರ. ಯಾರಿಗೆ ಎಂಬ ಜಾಗ ಖಾಲಿ. ಒಳಗೆ ಒಂದೇ ಸಾಲು.

"ರೆನಾಂತೆ, ನೀನು ಒಬ್ಬನೇ ಇದ್ದೀಯಾ?"

ರೆನಾಂತೆ ತಿರುಗಿ ಮಿಲ್ಯೋನ ಮುಖ ನೋಡಿದ. ಕೇಳಬಾರದ್ದನ್ನು ಕೇಳುವ ಮುಖ ಅದು.

ಮಿಲ್ಯೋನ ಕಿವಿಯಲ್ಲಿ ದೊರೋತೆಯಾ ಮ್ಯಾಮ್‌ರ ಮಾತು ಸುಳಿಯಿತು. ಯಾರನ್ನು ಬಿಟ್ಟು ಹೋದಳೋ ಗೊತ್ತಾ? ಅವನು ಈ ಮನುಷ್ಯನನ್ನು ಇನ್ನೊಮ್ಮೆ ನೋಡಿದ. ಪಾಸ್‌ವರ್ಡ್ ಕೇಳೀತೆಂದು ಹೆದರಿ ಹದಿನಾಲ್ಕು ತಿಂಗಳು ಒಂದು ಯಂತ್ರ ಆರದ ಹಾಗೆ ಕಾದವನು. ಹುಡುಕುವ ಕೆಲಸದಲ್ಲಿ ಒಮ್ಮೊಮ್ಮೆ ಮನುಷ್ಯರನ್ನು ಸುಮ್ಮನೆ ನಂಬಬೇಕಾಗುತ್ತದೆ. ಬೇರೆ ದಾರಿ ಇರುವುದಿಲ್ಲ.

"ನಾನು ಹೊರಗೆ ಕೂತಿರ್ತೀನಿ, ದೊಂಗ್," ಎಂದ. "ಅವಳಿಗೆ ಸುಳ್ಳು ಹೇಳಬೇಡ. ಈಗ ನೀನು ಒಬ್ಬನೇ."

ಅಂಗಡಿಯ ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಕೂತ. ಒಳಗಿನಿಂದ ಕೀಲಿಗಳ ಸದ್ದು, ಒಂದೊಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತುವ ಸದ್ದು. ನಿಂತಿತು. ಮತ್ತೆ ಶುರುವಾಯಿತು. ಮತ್ತೆ ನಿಂತಿತು.

ಈ ಸಲ ನಿಂತದ್ದು ತುಂಬಾ ಹೊತ್ತು.

ಗಲ್ಲಿಯ ತುದಿಯಲ್ಲಿ ಒಂದು ಕೊಡೆ ಕಾಣಿಸಿತು. ಕೊಡೆಯ ಕೆಳಗೆ ನಾಂಗ್ ಪುರಿಂಗ್, ಕಂಕುಳಲ್ಲಿ ಬಾಳೆ ಎಲೆಯ ಪೊಟ್ಟಣ. ದೂರದಿಂದಲೇ ಕೈ ಎತ್ತಿದಳು.

"ಮಿಲ್ಯೋ! ಇಲ್ಲೇ ಇರ್ತೀಯ ಅಂತ ಅಂದುಕೊಂಡೆ. ಅಕ್ಕಿಹಿಟ್ಟಿನ ಬಿಬಿಂಗ್ಕಾ ತಂದಿದ್ದೀನಿ, ಬಿಸಿ ಇದೆ. ಆ ಹುಡುಗ ಮಧ್ಯಾಹ್ನ ಏನೂ ತಿಂದಿರಲ್ಲ, ನನಗೆ ಗೊತ್ತು."

ಮಿಲ್ಯೋ ಎದ್ದು ನಿಂತ. ಬೆನ್ನ ಹಿಂದೆ ಬಾಗಿಲು ಒಂದು ಗೇಣು ತೆರೆಯಿತು. ರೆನಾಂತೆ ಗಲ್ಲಿಯ ಕಡೆ ನೋಡಲಿಲ್ಲ. ಅವನಿಗೆ ಕೊಡೆ ಕಂಡಿರಲಿಲ್ಲ. ಯಂತ್ರಗಳ ಎಣ್ಣೆ ಮೆತ್ತಿದ ಒಂದು ಚೀಟಿಯನ್ನು ಮಿಲ್ಯೋನ ಕೈಗೆ ತುರುಕಿದ. ಪರದೆಯ ಮೇಲೆ ಬಂದದ್ದನ್ನು ಅಕ್ಷರ ಅಕ್ಷರವಾಗಿ ಬರೆದುಕೊಂಡಿದ್ದ.

"ನಾನು ಕ್ಲಾರಿತಾ ಅಲ್ಲ. ಅವಳು ಪಕ್ಕದ ಕೋಣೆಯಲ್ಲಿ ಹೊಲಿಯುತ್ತ ಕೂತಿದ್ದಾಳೆ. ಬುಧವಾರ ಒತ್ತಿದ್ದು ಅವಳೇ. ನಾನು ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ. ನಿನ್ನ ಹೆಸರು ಹೇಳಿ ಅಳುತ್ತಾಳೆ. ನಾಳೆ ಬೆಳಗಿನ ಸಿಕಿಹೋರ್ ದೋಣಿಗೆ ಬಾ. ಬೇಕಾದರೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಬಾ. ಅವಳ ತಾಯಿ ಒಬ್ಬಳಿಗೆ ಮಾತ್ರ ತಿಳಿಯಬಾರದು."

ಮಿಲ್ಯೋ ಅದನ್ನು ಎರಡನೆಯ ಸಲ ಓದುವ ಹೊತ್ತಿಗೆ ಕೊಡೆಯ ನೆರಳು ಅವನ ಕಾಲ ಮೇಲೆ ಬಿತ್ತು.

ನಾಂಗ್ ಪುರಿಂಗ್ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಒಬ್ಬರಾದ ಮೇಲೊಬ್ಬರ ಮುಖ ನೋಡಿದಳು. ಕೊನೆಗೆ ಅವಳ ಕಣ್ಣು ಚೀಟಿಯ ಮೇಲೆ ಬಂದು ನಿಂತಿತು.

"ಏನು ಕಾಗದ ಅದು, ಮಿಲ್ಯೋ?" ಎಂದಳು, ತುಂಬಾ ಪ್ರೀತಿಯಿಂದ, ಕೈ ಚಾಚಿ. "ಕೊಡು ಇಲ್ಲಿ."